ನಡುಗೋ ಕ್ಯಾಮೆರಾ, ಹಾರೋ ಹೀರೋ

ನನ್ನ ಹೆಗಲ ಮೇಲೆ ಕ್ಯಾಮೆರಾ ಏರಿತೆಂದರೆ ಎಲ್ಲೋ ಒಂದು ಕಡೆ ನಗೆಪಾಟಲು ಕಾದು ಕೂತಿದೆ ಎಂದೇ ಅರ್ಥ. ಒಂದು ಸಲ ಆಗಿದ್ದರೆ ಮರೆತುಬಿಡುತ್ತಿದ್ದೆ. ಇದು ಬೆನ್ನು ಹತ್ತಿದ ಹಾಗೆ ಆಗುತ್ತಲೇ ಬಂತು.

ಈಗಿನ ಸೂಪರ್ ಹೀರೋ ಸಿನಿಮಾಗಳಲ್ಲಿ ಹೊಡೆದಾಟ ಶುರುವಾದರೆ ಪರದೆಯೆಲ್ಲ ಗಡಗಡ ಅಲುಗುತ್ತದೆ. ಯಾರು ಯಾರಿಗೆ ಹೊಡೆದರೆಂದು ತಿಳಿಯುವುದರೊಳಗೆ ಕಟ್ಟಡ ಬಿದ್ದಿರುತ್ತದೆ. ಅವರು ಕ್ಯಾಮೆರಾವನ್ನು ಬೇಕಂತಲೇ ಕೈಯಲ್ಲಿ ಹಿಡಿದು ಹಾಗೆ ಅಲುಗಾಡಿಸುತ್ತಾರೆ, ಅದು ದೊಡ್ಡ ಕಲೆ ಅಂತ ನನ್ನ ಮೊಮ್ಮಗ ಹೇಳುತ್ತಾನೆ. ಇರಬಹುದು. ಆ ಕಲೆಯನ್ನು ನಾನು ತೊಂಬತ್ತರ ದಶಕದಲ್ಲೇ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಬೀದಿಗಳಲ್ಲಿ ಪ್ರದರ್ಶಿಸಿದ್ದೆ. ಆಗ ಯಾರೂ ಅದನ್ನು ಕಲೆ ಅನ್ನಲಿಲ್ಲ.

ತಾಳಿ ಕಾಣದ ಮದುವೆ

ಹಾವೇರಿಯ ಬಸ್‌ಸ್ಟ್ಯಾಂಡ್ ಹಿಂದೆ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಫೋಟೋ ತೆಗೆಯುವುದರಲ್ಲಿ ನನಗೆ ಒಳ್ಳೆಯ ಹೆಸರೇ ಇತ್ತು. ಊರಿಗೆ ವಿಡಿಯೋ ಹುಚ್ಚು ಬಂದಾಗ ನಾನೂ ಒಂದು ವಿಡಿಯೋ ಕ್ಯಾಮೆರಾ ತಂದೆ. ಆಗಿನ ಕ್ಯಾಮೆರಾ ಎಂದರೆ ಒಂದು ಎಳೆಗರುವನ್ನು ಹೆಗಲ ಮೇಲೆ ಹೊತ್ತಂತೆ. ಅದೇನು ಮಾಯವೋ, ಅದು ಹೆಗಲೇರಿ ನಾನು ಕಿಂಡಿಯಲ್ಲಿ ಕಣ್ಣಿಟ್ಟೆನೆಂದರೆ ಮೊಣಕಾಲಿನಿಂದ ಒಂದು ನಡುಕ ಹುಟ್ಟಿ ಭುಜದವರೆಗೆ ಬರುತ್ತಿತ್ತು. ಕೆಳಗಿಟ್ಟರೆ ಏನೂ ಇಲ್ಲ, ಕಲ್ಲುಕಂಬ.

ಮೊದಲ ಕೆಲಸ ಪಕ್ಕದ ಹಳ್ಳಿ ಅಗಡಿಯ ಒಂದು ಮದುವೆ. ತಾಳಿ ಕಟ್ಟುವ ಹೊತ್ತಿಗೆ ಬಾಜಾ ಜೋರಾಯಿತು, ಜನ ಅಕ್ಕಿಕಾಳು ಹಾಕಲು ನೂಕಿಕೊಂಡು ಬಂದರು, ನನ್ನ ನಡುಕವೂ ಏರಿತು. ಆಮೇಲೆ ಮನೆಯವರು ಟಿವಿ, ವಿಸಿಆರ್ ಬಾಡಿಗೆಗೆ ತಂದು, ಓಣಿಯವರನ್ನೆಲ್ಲ ಕೂರಿಸಿಕೊಂಡು ಟೇಪ್ ಹಾಕಿದರು. ಮದುಮಗ ತಾಳಿಯನ್ನು ಕೈಗೆತ್ತಿಕೊಳ್ಳುವುದು ಚೆನ್ನಾಗಿಯೇ ಕಂಡಿತು. ಮುಂದೆ ಹಂದರದ ಬಟ್ಟೆ ಕಂಡಿತು. ಆಮೇಲೆ ಒಂದು ಬಲ್ಬು, ಭಟ್ಟರ ಪಾದ, ಆಕಳಿಸುತ್ತಿದ್ದ ಒಬ್ಬ ಹಿರಿಯರ ಬಾಯಿ. ಕ್ಯಾಮೆರಾ ಮತ್ತೆ ಮದುಮಗನ ಹತ್ತಿರ ಬರುವಷ್ಟರಲ್ಲಿ ಅವನು ಎಲೆಯ ಮುಂದೆ ಕೂತು ಊಟ ಮಾಡುತ್ತಿದ್ದ.

ಕೊನೆಗೆ ಮದುಮಗನೇ ಎದ್ದು ನಿಂತು, "ಈ ಟೇಪ್ ನೋಡಿದ್ರ ನಂದಿನ್ನೂ ಲಗ್ನ ಆಗಿಲ್ಲ" ಅಂದ.

ಅಡುಗೆಮನೆಯಿಂದ ಹೊಸ ಸೊಸೆಯ ದನಿ ಬಂತು: "ಹಂಗಾರ ಇವತ್ತಿನಿಂದ ರೊಟ್ಟಿ ನಿಮ್ಮವ್ವನ ಕೈಲೆ ಬಡಿಸ್ಕೋರಿ."

ಭೂಮಿಯ ಬದಲಿಗೆ ನಾನು

ಹಾವೇರಿಯಲ್ಲಿ ಒಬ್ಬರು ಡ್ರಾಯಿಂಗ್ ಮಾಸ್ತರರಿದ್ದರು. ಗಣಪತಿ ಹಬ್ಬಕ್ಕೆ ನಾಟಕ ಬರೆದು, ಆಡಿಸಿ, ಪರದೆಯನ್ನೂ ತಾವೇ ಬಣ್ಣ ಹಚ್ಚಿ ಏರಿಸುವವರು. ಅವರು ಒಮ್ಮೆ ಹುಬ್ಬಳ್ಳಿಗೆ ಹೋದಾಗ ಮನುಷ್ಯ ಆಕಾಶದಲ್ಲಿ ಹಾರುವ ಯಾವುದೋ ಇಂಗ್ಲಿಷ್ ಸಿನಿಮಾ ನೋಡಿ ಬಂದರು. ಅಂದಿನಿಂದ ಅವರಿಗೆ ನೆಲದ ಮೇಲಿನ ನಾಟಕ ಸಪ್ಪೆಯಾಯಿತು.

ಒಂದು ದಿನ ನನ್ನ ಸ್ಟುಡಿಯೋಗೆ ಬಂದು ನಮ್ಮ ಸೀಮೆಯದೇ ಒಬ್ಬ ಸೂಪರ್ ಹೀರೋನ ವಿಡಿಯೋ ಸಿನಿಮಾ ಮಾಡೋಣವೆಂದರು. ಕಥೆ ಸಿದ್ಧವಾಗಿತ್ತು. ಒಬ್ಬ ದುಷ್ಟ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣವನ್ನೆಲ್ಲ ಕದ್ದುಬಿಡುತ್ತಾನೆ. ಊರಿಗೆ ಊರೇ ಬಿಳಿ ಮೆಣಸಿನಕಾಯಿ ನೋಡಿ ಎದೆ ಬಡಿದುಕೊಳ್ಳುತ್ತದೆ. ಆಗ ರಾಣೆಬೆನ್ನೂರಿನ ವೀರನೊಬ್ಬ ಹಾರಿ ಬಂದು ಬಣ್ಣವನ್ನು ಮರಳಿ ತರುತ್ತಾನೆ. ಕಥೆ ನನಗೂ ಹಿಡಿಸಿತು. ಆದರೆ ನನ್ನ ನಡುಕದ ಸಂಗತಿ ಮೊದಲೇ ತಿಳಿಸುವುದು ಒಳ್ಳೆಯದೆಂದು ಅಗಡಿಯ ಮದುವೆಯ ಟೇಪನ್ನೇ ಹಾಕಿ ತೋರಿಸಿದೆ.

ಮಾಸ್ತರರು ಕಣ್ಣು ಕದಲಿಸದೆ ಕೊನೆಯವರೆಗೂ ನೋಡಿದರು. ಅವರು ಬೇಡ ಅನ್ನುತ್ತಾರೆಂದು ಕಾದಿದ್ದೆ.

"ಹೀರೋ ಬಂದ್ರ ಭೂಮಿ ನಡಗಬೇಕೋ ತಮ್ಮಾ," ಅಂದರು. "ಭೂಮಿ ನಡಗಸೂದು ನಮ್ಮ ಕೈಲೆ ಆಗೂ ಮಾತಲ್ಲ. ನೀ ನಡಗತಿ. ಅಷ್ಟ ಸಾಕು."

ಪೋಸ್ಟ್‌ಮನ್ನನ ಪಾತ್ರ

ಹೀರೋ ಆಗಿ ಮಾಸ್ತರರು ಆರಿಸಿದ್ದು ರಾಣೆಬೆನ್ನೂರಿನ ಒಬ್ಬ ಕಟಿಂಗ್ ಅಂಗಡಿಯ ಹುಡುಗನನ್ನು. ಎತ್ತರದ ಆಳು, ಅಗಲ ಎದೆ, ಕನ್ನಡಿಯ ಮುಂದೆಯೇ ದಿನ ಕಳೆದು ಮುಖದ ಯಾವ ಮಗ್ಗುಲು ಚೆಂದವೆಂದು ಚೆನ್ನಾಗಿ ಬಲ್ಲವನು. ಕತ್ತಿ ಹಿಡಿದರೆ ಕೈ ಬೆಣ್ಣೆಯಲ್ಲಿ ಓಡಿದಂತೆ ಓಡುತ್ತಿತ್ತು. ಗಿರಾಕಿಗಳು ಕ್ಷೌರ ಮಾಡಿಸಿಕೊಳ್ಳುತ್ತ ಹಾಗೇ ನಿದ್ದೆ ಹೋಗುತ್ತಿದ್ದರು. ಮಂಗಳವಾರ ಅಂಗಡಿ ಬಂದ್ ಇರುತ್ತಿದ್ದರಿಂದ ನಮ್ಮ ಶೂಟಿಂಗೂ ಮಂಗಳವಾರವೇ.

ಸೂಪರ್ ಹೀರೋ ಅಂದಮೇಲೆ ಬೆನ್ನ ಹಿಂದೆ ಹಾರಾಡುವ ಬಟ್ಟೆ ಬೇಕು. ಅದಕ್ಕೆ ಹುಡುಕಾಡುವ ಪ್ರಮೇಯವೇ ಬರಲಿಲ್ಲ. ಗಿರಾಕಿಗಳ ಕೊರಳಿಗೆ ಸುತ್ತುವ ದೊಡ್ಡ ಬಟ್ಟೆಯನ್ನೇ ಹೀರೋ ಹಿಂದಕ್ಕೆ ಕಟ್ಟಿಕೊಂಡ. ಅಂಗಡಿಯ ಮಾಳಿಗೆ ಏರಿ, ಸೊಂಟದ ಮೇಲೆ ಕೈಯಿಟ್ಟು, ಸೂರ್ಯನ ಕಡೆ ಮುಖ ಮಾಡಿ ನಿಂತ. ನಿಜ ಹೇಳಬೇಕೆಂದರೆ ನನಗೂ ಮೈ ಜುಮ್ಮೆಂದಿತು. ಅಷ್ಟರಲ್ಲಿ ಗಾಳಿ ಬಂತು, ಬಟ್ಟೆ ಪಟಪಟ ಹಾರಿತು, ಅದರ ಮಡಿಕೆಯಲ್ಲಿ ಉಳಿದಿದ್ದ ಹಿಂದಿನ ದಿನದ ಕೂದಲೆಲ್ಲ ನೇರ ನನ್ನ ಕಣ್ಣಿಗೆ, ಮೂಗಿಗೆ ಬಂತು. ಕ್ಯಾಮೆರಾ ಕುಣಿಯತೊಡಗಿತು. ಮಾಸ್ತರರು ಹಿಂದಿನಿಂದ, ನಿಲ್ಲಿಸಬೇಡ, ಶಕ್ತಿ ಬರ್ತಾ ಇದೆ ಎಂದು ಹುರಿದುಂಬಿಸುತ್ತಿದ್ದರು.

ಸಂಜೆ ಅಂಗಡಿಯಲ್ಲೇ ಟೇಪ್ ಹಾಕಿ ನೋಡಿದೆವು. ಹೀರೋ ಮೇಲೆ ಕೆಳಗೆ ಕುಪ್ಪಳಿಸುತ್ತಿದ್ದ, ಸುತ್ತಲೂ ಕರಿ ಕರಿ ಚುಕ್ಕೆಗಳು ಹಾರಾಡುತ್ತಿದ್ದವು. ಹೀರೋಗೆ ಜೇನುಹುಳು ಮುತ್ತಿದ ಹಾಗಿತ್ತು. ಹೊರಗಿನಿಂದ ಇಣುಕುತ್ತಿದ್ದ ಪೋಸ್ಟ್‌ಮನ್ ಒಳಗೆ ಬಂದು ಟಿವಿಯ ಹತ್ತಿರ ಮುಖವಿಟ್ಟು ನೋಡಿದ. ಅವನ ನೆತ್ತಿ ಆಗಲೇ ಬಯಲಾಗಿತ್ತು. ಉಳಿದ ಅಂಚನ್ನು ಹಿಂದಿನ ದಿನವಷ್ಟೇ ಕತ್ತರಿಸಿಕೊಂಡು ಹೋಗಿದ್ದ.

"ಇದು ನನ್ನ ಕೂದಲ," ಅಂದ ಸಂತೋಷದಿಂದ. "ತಲಿಮ್ಯಾಲ ಉಳೀದಿದ್ರೂ ಸಿನಿಮಾದಾಗರ ಉಳೀತು."

ಹೀರೋನ ಹೊಟ್ಟೆನೋವು

ಹಾರುವ ದೃಶ್ಯಕ್ಕೆ ಮಾಸ್ತರರು ಒಂದು ಉಪಾಯ ಮಾಡಿದರು. ಮೇಡ್ಲೇರಿ ರಸ್ತೆಯಲ್ಲಿ ಪರಿಚಯದವರ ಟ್ರ್ಯಾಕ್ಟರ್ ಇತ್ತು. ಅದರ ಟ್ರೇಲರಿಗೆ ಅಡ್ಡವಾಗಿ ಒಂದು ಹಲಗೆ ಕಟ್ಟಿ, ಅದರ ತುದಿ ಹೊರಗೆ ಚಾಚುವಂತೆ ಮಾಡಿದೆವು. ಹೀರೋ ಅದರ ಮೇಲೆ ಬೋರಲಾಗಿ ಮಲಗಿ ಕೈ ಮುಂದೆ ಚಾಚಬೇಕು. ನಾನು ಟ್ರೇಲರಿನೊಳಗೆ ಬಗ್ಗಿ ಕೂತು, ಹಲಗೆ ಕಾಣದಂತೆ, ಹೀರೋ ಮತ್ತು ಆಕಾಶ ಮಾತ್ರ ಬರುವಂತೆ ಹಿಡಿಯಬೇಕು. ಟ್ರ್ಯಾಕ್ಟರ್ ಓಡಿದರೆ ಹೀರೋ ಹಾರಿದಂತೆಯೇ.

ಮಾಸ್ತರರೂ ನನ್ನ ಪಕ್ಕ ಕೂತರು, ಟ್ರ್ಯಾಕ್ಟರ್ ಹೊರಟಿತು. ರಸ್ತೆ ಕೆಟ್ಟಿತ್ತು, ಎತ್ತಿ ಎತ್ತಿ ಒಗೆಯುತ್ತಿತ್ತು. ಹೀರೋ ಹಲ್ಲು ಕಚ್ಚಿ ಹಾರುತ್ತಿದ್ದ. ಅಷ್ಟರಲ್ಲಿ ಹಿಂದಿನಿಂದ ರುಮಾಲು ಸುತ್ತಿದ ಒಬ್ಬ ರೈತ ಸೈಕಲ್ ತುಳಿಯುತ್ತ ಬಂದ. ಗಂಡಸೊಬ್ಬ ಬೋರಲಾಗಿ ಮಲಗಿದ್ದಾನೆ, ಮೈಮೇಲೆ ಬಟ್ಟೆ ಹೊದಿಸಿದ್ದಾರೆ, ಮುಖ ಹಿಂಡಿಕೊಂಡಿದ್ದಾನೆ, ಪಕ್ಕದಲ್ಲಿ ಇಬ್ಬರು ಆತಂಕದಿಂದ ಕೂತಿದ್ದಾರೆ. ಅವನಿಗೆ ಬೇರೆ ಏನೆನಿಸಬೇಕು?

ಸೈಕಲ್ಲನ್ನು ನಮ್ಮ ಸರಿಸಮಕ್ಕೆ ತಂದು, "ಹೊಟ್ಟಿ ನೋವೇನ್ರಿ?" ಎಂದು ಕೇಳಿದ.

ಮಾಸ್ತರರು ಸುಮ್ಮನಿರುವಂತೆ ಸನ್ನೆ ಮಾಡಿದರು. ಆ ಸನ್ನೆಯನ್ನು ಅವನು ಪರಿಸ್ಥಿತಿ ಕೈಮೀರಿದೆ ಎಂದು ತಿಳಿದುಕೊಂಡ. ಬೋರಲು ಮಲಗಿಸಬಾರದು, ಎಡಮಗ್ಗುಲಿಗೆ ಮಲಗಿಸಬೇಕು, ಅಜವಾನದ ಕಾಳು ಜಗಿಸಬೇಕು, ದವಾಖಾನೆ ಮುಟ್ಟುವವರೆಗೆ ನಾನೂ ಜೊತೆಗೆ ಬರುತ್ತೇನೆ ಎಂದು ಏದುಸಿರು ಬಿಡುತ್ತ ತುಳಿದೇ ತುಳಿದ. ಒಳ್ಳೆಯ ಮನುಷ್ಯ. ಊರ ಅಗಸಿ ಬಾಗಿಲವರೆಗೂ ನಮ್ಮನ್ನು ಬಿಡಲಿಲ್ಲ.

ನನ್ನ ಕ್ಯಾಮೆರಾ ನೆಟ್ಟಗೆ ಇದ್ದಿದ್ದರೆ ಆಕಾಶ ಮಾತ್ರ ಬರುತ್ತಿತ್ತು. ಅದು ಪ್ರತಿ ಕುಣಿತಕ್ಕೂ ಕೆಳಗಿಳಿಯುತ್ತಿತ್ತು. ಇಳಿದಾಗಲೆಲ್ಲ ಹಾರುವ ವೀರನ ಪಕ್ಕದಲ್ಲೇ ಒಂದು ರುಮಾಲು, ಸೈಕಲ್ಲಿನ ಹ್ಯಾಂಡಲ್ಲು, ಮರುಕ ತುಂಬಿದ ಒಂದು ಮುಖ ಕಾಣುತ್ತಿತ್ತು. ಟ್ರ್ಯಾಕ್ಟರ್ ಓಡಿಸಿದವನು ಆಮೇಲೆ ಟೇಪ್ ನೋಡಿ ಒಂದೇ ಮಾತು ಹೇಳಿದ: "ಮಾಸ್ತರ, ಹೀರೋನ್ನ ಬದಲು ಮಾಡ್ರಿ. ಸೈಕಲ್ಲಿನಾಂವ ಮುಂದ ಹೊಂಟಾನ."

ಒಂಟಿ ಸೀನು

ಕೊನೆಯ ಹೊಡೆದಾಟ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ. ದುಷ್ಟನ ಪಾತ್ರಕ್ಕೆ ಅಲ್ಲಿಯ ಒಬ್ಬ ಹಮಾಲ ಒಪ್ಪಿದ್ದ. ತುಂಬಿದ ಚೀಲವನ್ನು ದಿಂಬಿನಂತೆ ಎತ್ತುವ ಆಳು, ಆದರೆ ಇರುವೆಯನ್ನೂ ದಾಟಿ ಹೆಜ್ಜೆ ಇಡುವ ಸ್ವಭಾವ. ಹೊಡೆಯುವ ದೃಶ್ಯ ಅಂದಾಗಲೇ ಅವನ ಮುಖ ಬಾಡಿತ್ತು. ಸುಮ್ಮನೆ ಹೊಡೆದ ಹಾಗೆ ಮಾಡಿದರೆ ಸಾಕು ಎಂದು ಮಾಸ್ತರರು ಸಮಾಧಾನ ಹೇಳಿದರು.

ಎರಡೂ ಕಡೆ ಕೆಂಪು ರಾಶಿ, ನಡುವೆ ಇಬ್ಬರು ವೀರರು. ನೋಡಲು ಬಹಳ ಚೆಂದವಿತ್ತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುತ್ತಾರೆ; ಆ ಮಾತು ತಿನ್ನುವವರಿಗೆ, ಮೂಸುವವರಿಗಲ್ಲ. ಒಂದು ಗಾಳಿ ಬೀಸಿತು ನೋಡಿ, ನಾನು ಸೀನಿದೆ, ಮಾಸ್ತರರು ಸೀನಿದರು, ನನ್ನ ಪ್ರತಿ ಸೀನಿಗೂ ಕ್ಯಾಮೆರಾ ಒಂದು ಮೊಳ ಜಿಗಿಯಿತು. ಪೇಟೆಯ ಜನಕ್ಕೆ ಇದು ರೂಢಿ, ಅವರು ನಮ್ಮನ್ನು ನೋಡುತ್ತ ಹಾಯಾಗಿ ನಿಂತಿದ್ದರು.

ದುಷ್ಟ ಕೈ ಎತ್ತಿದ. ಆ ಕ್ಷಣಕ್ಕೆ ಸರಿಯಾಗಿ ಹೀರೋ ಒಂದು ಸೀನು ಸೀನಿದ. ಒಂದೇ. ದುಷ್ಟ ಎತ್ತಿದ ಕೈ ಇಳಿಸಿ ಪಕ್ಕದ ಚೀಲದ ಮೇಲೆ ಕೂತುಬಿಟ್ಟ.

ಯಾಕೆಂದು ಕೇಳಿದರೆ, "ಒಂಟಿ ಸೀನು ಆತ್ರಿ. ಈಗ ಕೈ ಮಾಡಿದ್ರ ಛಲೋ ಅಲ್ಲ. ಇನ್ನೊಂದು ಸೀನ್ಲಿ" ಅಂದ.

ಮಾಸ್ತರರು ವಾದ ಮಾಡಿದರು, ಕಥೆಯಲ್ಲಿ ನೀನು ದುಷ್ಟ, ದುಷ್ಟರಿಗೆ ಅಪಶಕುನ ಇಲ್ಲ ಎಂದರು. ಅವನು ಕದಲಲಿಲ್ಲ. ಹೀರೋ ಇನ್ನೊಂದು ಸೀನಿಗಾಗಿ ಮೂಗು ಮೇಲೆ ಮಾಡಿದ, ಸೂರ್ಯನನ್ನು ನೋಡಿದ, ಮೂಗಿನಲ್ಲಿ ಹತ್ತಿಯ ಬತ್ತಿ ಆಡಿಸಿದ. ಬರಲಿಲ್ಲ. ಕೊನೆಗೆ ರಾಶಿಯೊಳಗೆ ಮುಖವನ್ನೇ ಇಟ್ಟ. ಆಗ ಸೀನು ಬಂತು. ಒಂದಾದ ಮೇಲೆ ಒಂದು, ನಿಲ್ಲುವ ಮಾತೇ ಇಲ್ಲ. ಕಣ್ಣು, ಮೂಗು ಎಲ್ಲ ಮೆಣಸಿನಕಾಯಿಗಿಂತ ಕೆಂಪಾದವು. ಹೊಡೆಯಬೇಕಾದ ದುಷ್ಟ ತಾನೇ ಓಡಿಹೋಗಿ ತಂಬಿಗೆ ನೀರು ತಂದು, ಹೀರೋನ ತಲೆ ಹಿಡಿದು ಮುಖ ತೊಳೆಸಿದ.

ನಾನು ಕ್ಯಾಮೆರಾ ನಿಲ್ಲಿಸುವುದನ್ನು ಮರೆತಿದ್ದೆ. ಸಿನಿಮಾದಲ್ಲಿ ಅದೇ ಉಳಿಯಿತು. ದುಷ್ಟನಿಗೆ ಕೊನೆಗೆ ಒಳ್ಳೆಯ ಬುದ್ಧಿ ಬರುವ ದೃಶ್ಯವನ್ನು ಇಷ್ಟು ಸಹಜವಾಗಿ ಯಾರೂ ತೆಗೆದಿಲ್ಲ ಎಂದು ಮಾಸ್ತರರು ನನ್ನ ಬೆನ್ನು ತಟ್ಟಿದರು.

ಕಿಟಕಿ ಪಕ್ಕದ ಜಾಗ

ರಾಣೆಬೆನ್ನೂರಿನ ಒಂದು ಎಣ್ಣೆ ಗಿರಣಿಯ ಅಂಗಳದಲ್ಲಿ ಎರಡು ಟಿವಿ ಇಟ್ಟು ಸಿನಿಮಾ ತೋರಿಸಿದೆವು. ನೆರೆದವರು ನಮ್ಮ ಜನವೇ. ಹೀರೋ ಓಡುತ್ತಿದ್ದಂತೆ ಪರದೆ ಎಡಕ್ಕೆ ವಾಲಿತು, ಕೂತವರೆಲ್ಲ ಎಡಕ್ಕೆ ವಾಲಿದರು. ಪರದೆ ಬಲಕ್ಕೆ ಬಂತು, ಅವರೂ ಬಂದರು. ಹಾರುವ ದೃಶ್ಯ ಬಂದಾಗ ಮುಂದಿನ ಸಾಲಿನ ಒಬ್ಬ ದೊಡ್ಡ ಮನುಷ್ಯರು ಬಾಯಿಗೆ ಟವೆಲ್ ಹಿಡಿದುಕೊಂಡು ಹೊರಗೆ ಹೋದರು. ಅವರ ಹಿಂದೆ ಇನ್ನೊಬ್ಬರು. ಹೊರಗಿನ ಪಾನಪಟ್ಟಿ ಅಂಗಡಿಯಲ್ಲಿ ನಿಂಬೆಹಣ್ಣು ಖಾಲಿಯಾದವು ಎಂದು ಆಮೇಲೆ ಗೊತ್ತಾಯಿತು.

ನಾನು ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ. ಸಿನಿಮಾ ಮುಗಿದ ಮೇಲೆ ಒಬ್ಬ ಅಜ್ಜಿ ಹುಡುಕಿಕೊಂಡು ಬಂದಳು. ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಅಜ್ಜಿ ಬಂದದ್ದು ಬೇರೆ ಕೆಲಸಕ್ಕೆ. ಸಿನಿಮಾ ಬಹಳ ಚೆನ್ನಾಗಿದೆ, ನಾಳೆ ಮತ್ತೆ ಬರುತ್ತೇನೆ ಅಂದಳು.

"ಆದ್ರ ನಾಳೆ ನನಗ ಕಿಡಕಿ ಮಗ್ಗಲದಾಗ ಜಾಗಾ ಹಿಡೀಪಾ. ನಡುವ ಕುಂತ್ರ ನನಗ ಬಸ್ಸು ಆಗಿಬರೂದಿಲ್ಲ."

ಗೋದಾಮಿನ ಜಡ್ಡು

ಇಷ್ಟೆಲ್ಲ ಆದ ಮೇಲೆ ಹೀರೋಗೆ ಕನ್ಯೆ ಗೊತ್ತಾಯಿತು. ಬ್ಯಾಡಗಿಯ ಹುಡುಗಿ, ಬಾಲವಾಡಿಯಲ್ಲಿ ಟೀಚರ್. ತಂದೆ ಗೌಂಡಿ ಮೇಸ್ತ್ರಿ; ಪೇಟೆಯ ಸುತ್ತಲಿನ ಗೋದಾಮುಗಳಲ್ಲಿ ಬಹಳಷ್ಟು ಅವರ ಕೈಯಲ್ಲೇ ಎದ್ದಿದ್ದವು. ಹುಡುಗ ಒಪ್ಪಿದ, ಹುಡುಗಿ ಒಪ್ಪಿದಳು, ಎಲೆ ಅಡಿಕೆಯ ಮಾತು ನಡೆದಿತ್ತು. ಅಷ್ಟರಲ್ಲಿ ಹುಡುಗಿಯ ದೊಡ್ಡಪ್ಪನಿಗೆ ಯಾರೋ ನಮ್ಮ ಸಿನಿಮಾದ ಟೇಪ್ ಕೊಟ್ಟರು. ಭಾವೀ ಅಳಿಯ ಹೀರೋ ಆಗಿದ್ದಾನಂತೆ ನೋಡೋಣ ಎಂದು ಅವರ ಮನೆಯವರೆಲ್ಲ ಕೂತು ನೋಡಿದರು. ಮರುದಿನ ಸಂಬಂಧ ಬೇಡವೆಂದು ಹೇಳಿ ಕಳಿಸಿದರು.

ಹೀರೋ ಹಾವೇರಿಗೆ ಬಂದು ನನ್ನ ಸ್ಟುಡಿಯೋದಲ್ಲಿ ಕೂತ. ಬೈಯಲಿಲ್ಲ, ಕೂಗಾಡಲಿಲ್ಲ. "ಅಣ್ಣಾ, ನನಗ ನಡುಕದ ಜಡ್ಡೈತಿ ಅಂತ ತಿಳಕೊಂಡಾರ" ಅಂದ. ಜಡ್ಡೆಂದರೆ ನಮ್ಮ ಕಡೆ ಕಾಯಿಲೆ. ಸಿನಿಮಾದ ಕೊನೆಯಲ್ಲಿ ಅವನು ಒಂದು ಗೋದಾಮಿನ ಮುಂದೆ ನಿಂತು, ಎರಡೂ ಕೈ ಎತ್ತಿ, ಮೆಣಸಿನಕಾಯಿಗೆ ಬಣ್ಣ ಮರಳಿ ಕೊಡುತ್ತಾನೆ. ಅಲ್ಲಿ ಅವನು ಅಂಗಾಲಿನಿಂದ ನೆತ್ತಿಯವರೆಗೆ ಥರಥರ ನಡುಗುತ್ತಿದ್ದ. ಹುಡುಗಿಯ ತಂದೆ ಅದನ್ನು ನೋಡಿ, ಕೈ ನಡುಗುವವನು ಕತ್ತಿ ಹಿಡಿದರೆ ಊರ ಜನರ ಕುತ್ತಿಗೆಯ ಗತಿಯೇನು ಎಂದಿದ್ದರಂತೆ. ಮಾತು ಅಲ್ಲಿಗೇ ನಿಂತಿರಲಿಲ್ಲ. ಅವನ ಅಂಗಡಿಗೂ ಗಿರಾಕಿ ಬರುವುದು ಕಡಿಮೆಯಾಗಿತ್ತು. ಬಂದವರೂ ಕಟಿಂಗ್ ಸಾಕು, ಗಡ್ಡ ಬೇಡ ಅನ್ನುತ್ತಿದ್ದರು.

ನನಗೆ ಆ ದಿನ ಊಟ ಸೇರಲಿಲ್ಲ. ಮಾಸ್ತರರನ್ನು ಕರೆದುಕೊಂಡು, ಹೀರೋನನ್ನೂ ಜೊತೆಗೆ ಕೂರಿಸಿಕೊಂಡು ಬ್ಯಾಡಗಿಗೆ ಹೋದೆ. ಹುಡುಗಿಯ ತಂದೆ ಮರ್ಯಾದಸ್ಥರು. ಬರ್ರಿ, ಕುಂದರ್ರಿ ಎಂದು ಜಮಖಾನೆ ಹಾಸಿದರು. ನಡುಗಿದ್ದು ಹುಡುಗನಲ್ಲ, ಕ್ಯಾಮೆರಾ ಎಂದು ನಾನು ವಿವರಿಸಿದೆ.

"ಕ್ಯಾಮೆರಾ ತಾನ ನಡಗತೈತೇನ್ರಿ?" ಎಂದು ಕೇಳಿದರು.

ಹಿಡಿದವನು ನಾನು, ನಾನೇ ನಡುಗಿದ್ದು ಎಂದೆ.

ದೊಡ್ಡಪ್ಪ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಹಾಗಾದರೆ ಪರೀಕ್ಷೆ ಮಾಡಿಯೇ ಬಿಡೋಣ ಎಂದರು. ಒಳಗಿನಿಂದ ತಟ್ಟೆಯಂಥ ಬಸಿಯ ಮೇಲೆ ಕೂತ ಎರಡು ಕಪ್ಪು ಬಂದವು, ಅಂಚಿನವರೆಗೆ ಚಹಾ ತುಂಬಿ. ಒಂದು ನನ್ನ ಕೈಗೆ, ಒಂದು ಹೀರೋನ ಕೈಗೆ. ಯಾರದು ಚೆಲ್ಲುತ್ತದೋ ಅವರದು ಜಡ್ಡು.

ನಾನು ಚಹಾ ಹಿಡಿದು ನಡುಕಕ್ಕಾಗಿ ಕಾದೆ. ಬರಲಿಲ್ಲ. ಹೆಗಲ ಮೇಲೆ ಕ್ಯಾಮೆರಾ ಇಲ್ಲದೆ, ಇಷ್ಟು ವರ್ಷ ಬೇಡವೆಂದಾಗಲೆಲ್ಲ ಬಂದ ನಡುಕ ಈಗ ಬೇಕೆಂದರೆ ಇಲ್ಲ. ಅಗಡಿಯ ಮದುವೆ ನೆನೆಸಿಕೊಂಡೆ, ನನ್ನ ಮದುವೆ ನೆನೆಸಿಕೊಂಡೆ, ಕೈ ಕಬ್ಬಿಣದ ಹಾಗೆ ನಿಂತಿತ್ತು. ಮಾಸ್ತರರು ಮೆಲ್ಲಗೆ ಮೊಣಕೈಯಿಂದ ತಿವಿದರು. ಒಂದು ಹನಿ ಅತ್ತಿತ್ತ ಆಗಲಿಲ್ಲ.

ಅದೇ ಹೊತ್ತಿಗೆ ಹುಡುಗಿ ಬಾಗಿಲಲ್ಲಿ ಬಂದು ನಿಂತಳು. ಹೀರೋ ಅವಳನ್ನು ನೋಡಿದ. ಅವನ ಬಸಿಯ ಮೇಲೆ ಕಪ್ಪು ಟಕಟಕ ಎನ್ನತೊಡಗಿತು, ಚಹಾ ಬಸಿ ತುಂಬಿ ಜಮಖಾನೆಗೂ ಇಳಿಯಿತು.

ದೊಡ್ಡಪ್ಪ, ಇನ್ನು ನೋಡುವುದೇನೂ ಉಳಿದಿಲ್ಲ ಎಂದು ಎದ್ದರು. ಹೀರೋ ತಲೆ ತಗ್ಗಿಸಿ ಜಮಖಾನೆ ನೋಡುತ್ತಿದ್ದ. ನೆಟ್ಟಗೆ ನಿಂತ ನನ್ನ ಕೈಯನ್ನು ನಾನು ಜೀವನದಲ್ಲಿ ಮೊದಲ ಸಲ ಶಪಿಸುತ್ತಿದ್ದೆ.

ಹುಡುಗಿ ಒಳಗೆ ಬಂದು ಟಿವಿ ಹಾಕಿದಳು, ಟೇಪ್ ಹಾಕಿ ಕೊನೆಯ ದೃಶ್ಯಕ್ಕೆ ಓಡಿಸಿದಳು. ಹೀರೋ ಕೈ ಎತ್ತಿ ಗಡಗಡ ನಡುಗುತ್ತಿದ್ದ. ಟಿವಿಯ ಸದ್ದು ಕೇಳಿ ಓಣಿಯ ಒಂದಿಬ್ಬರು ಬಾಗಿಲಿಗೆ ಬಂದರು.

"ಅಪ್ಪಾ," ಅಂದಳು, "ಇವರ ಹಿಂದ ಇರೂ ಗೋದಾಮು ಕಟ್ಟಿದವರ್ಯಾರು?"

"ಯಾಕ? ನಾನ ಕಟ್ಟೇನಿ."

"ಅದನ್ನೂ ಚಂದಂಗ ನೋಡು. ಇವರು ಎಷ್ಟು ನಡಗಾಕತ್ತಾರ, ಅದೂ ಅಷ್ಟ ನಡಗಾಕತ್ತೈತಿ. ಇವರಿಗೆ ಜಡ್ಡು ಅನ್ನೂದಾದ್ರ ನಿನ್ನ ಗೋದಾಮಿಗೂ ಜಡ್ಡೈತಿ."

ಮೇಸ್ತ್ರಿಗಳು ಟಿವಿ ನೋಡಿದರು. ಗೋದಾಮು ಬುನಾದಿಯಿಂದ ತಗಡಿನವರೆಗೆ ತೂಗಾಡುತ್ತಿತ್ತು. ಬಾಗಿಲಲ್ಲಿ ನಿಂತ ಓಣಿಯವರನ್ನು ನೋಡಿದರು. ಅವರೂ ಗೋದಾಮನ್ನೇ ನೋಡುತ್ತಿದ್ದರು. ಮೇಸ್ತ್ರಿಗಳು ಸರಕ್ಕನೆ ಎದ್ದು ಹೋಗಿ ಟಿವಿ ಬಂದ್ ಮಾಡಿದರು. ನನ್ನ ಕೈಯಿಂದ ತುಂಬಿದ ಕಪ್ಪನ್ನು ಕಿತ್ತುಕೊಂಡು ಹೀರೋನ ಕೈಗಿಟ್ಟರು.

"ಕ್ಯಾಮೆರಾನ ನಡಗೇತಿ ಅಂತ ನಾ ಮೊದಲ ಅಂದಿದ್ದೆ," ಅಂದರು. "ಕುಡೀಪಾ ಅಳಿಯಾ. ಲಗ್ನ ಲಗೂ ಇಟ್ಕೊಳ್ಳೂಣು. ಈ ಸ್ಟುಡಿಯೋದವರನ್ನೂ ಮರೀದ ಊಟಕ್ಕ ಕರಿಯೂಣು. ಕ್ಯಾಮೆರಾ ಮಾತ್ರ ಮನ್ಯಾಗ ಇಟ್ಟು ಬರ್ಲಿ, ಕಲ್ಯಾಣ ಮಂಟಪಾನೂ ನಾನ ಕಟ್ಟಿದ್ದೈತಿ."